ಅಟ್ಟ ಹತ್ತಿದ ಸಕ್ಕರೆ ಡಬ್ಬಿ

ನಮ್ಮ ಮನೆಯಲ್ಲಿ ಕೋಣೆಯಿಂದ ಹೊರಗೆ ಬರುವವರು ಸ್ವಿಚ್ ಆರಿಸಿಯೇ ಬರಬೇಕು. ಈ ಕಾನೂನು ಮಾಡಿದವಳು ನಾನು. ದರ ಏರಿದ ವರ್ಷ ಬಿಲ್ಲು ಕಟ್ಟಲಿಲ್ಲವೆಂದು ನಮ್ಮ ಮನೆಯ ಕರೆಂಟು ಕಿತ್ತುಹಾಕಿದ್ದರು. ಆಫೀಸಿನವರ ಕೈಕಾಲು ಹಿಡಿದು ಮತ್ತೆ ಹಾಕಿಸಿಕೊಳ್ಳುವಷ್ಟರಲ್ಲಿ ಸಾಕುಬೇಕಾಯಿತು. ಇನ್ನೊಮ್ಮೆ ಬಾಕಿ ಬಿದ್ದರೆ ಮೀಟರನ್ನೇ ಬಿಚ್ಚಿಕೊಂಡು ಹೋಗುತ್ತೇವೆ ಎಂದಿದ್ದರು. ಅಂದಿನಿಂದ ಯಾರಾದರೂ ದೀಪ ಉರಿಯಲು ಬಿಟ್ಟು ಎದ್ದರೆ ನನ್ನ ಬಾಯಿಗೆ ಬೀಗವಿಲ್ಲ. ಮಗಳು ನನಗೆ ಸ್ವಿಚ್ ಪೊಲೀಸ್ ಎಂದು ಹೆಸರಿಟ್ಟಳು. ಇಟ್ಟುಕೊಳ್ಳಲಿ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಪೊಲೀಸರಾದರೂ ಹೇಳಬೇಕಲ್ಲ.

ಕಾನೂನಿಗೆ ಸೇರದ್ದು ಫ್ರಿಜ್ಜು ಒಂದೇ. ಅದು ಅತ್ತೆಯ ಸಲುವಾಗಿ. ಅವರಿಗೆ ಸಕ್ಕರೆ ಕಾಯಿಲೆ, ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆಸ್ಪತ್ರೆಯವರು ಬಾಟಲಿಗಳನ್ನು ಒಟ್ಟಿಗೆ ಕೊಟ್ಟು, ತಣ್ಣಗಿಡಿ ಎಂದು ಹೇಳಿ ಕಳಿಸುತ್ತಾರೆ. ನಮ್ಮದು ತಗಡಿನ ಮಾಡು, ಮಧ್ಯಾಹ್ನ ಒಳಗೆ ಕೂತರೆ ಬೇಯುತ್ತದೆ. ನಾನು ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಂತಿರುತ್ತೇನೆ. ಯಜಮಾನರು ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾರೆ, ಮಗಳಿಗೆ ಶಾಲೆ. ಮನೆಯಲ್ಲಿ ಅತ್ತೆಯೊಬ್ಬರೇ.

ಬೇಸಿಗೆಯ ನಡುವೆ ಬಿಲ್ಲು ಇದ್ದಕ್ಕಿದ್ದಂತೆ ಇಳಿಯಿತು. ಅದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಮೆರೆದೆ. ಬಾಯಿಬಡಕಿ ಅನ್ನುತ್ತೀರಲ್ಲ, ಬಡಕೊಂಡಿದ್ದಕ್ಕೇ ಇಳಿದದ್ದು ಎಂದೆ. ಅತ್ತೆಗೆ ಓದು ಬಾರದು. ಆದರೂ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೊಸ ಸೀರೆ ಸಿಕ್ಕವರ ಹಾಗೆ ನಕ್ಕರು.

ಬಿಲ್ಲು ಇಳಿದರೆ ಅವರ ಸಕ್ಕರೆ ಏರಿತು. ಆಸ್ಪತ್ರೆಯ ನರ್ಸಮ್ಮ ನನ್ನನ್ನೇ ತರಾಟೆಗೆ ತೆಗೆದುಕೊಂಡಳು, ಏನು ತಿನ್ನಿಸುತ್ತಿದ್ದೀರಿ ಇವರಿಗೆ ಎಂದು. ಅತ್ತೆಯ ಕಾಲು ಜೋಮು ಹಿಡಿಯುತ್ತಿತ್ತು, ಕಣ್ಣು ಮಂಜು ಮಂಜು. ಹೀಗೇ ಬಿಟ್ಟರೆ ಕಣ್ಣು ಹೋದೀತು ಎಂದಳು. ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ತಿಳಿಯುವುದಿಲ್ಲವೇ ಎಂದು ಗೋಡೆಗೆ ಹೇಳಿದೆ, ಅತ್ತೆಗೆ ಕೇಳಲೆಂದು. ಅವರು ಸೊಪ್ಪು ಬಿಡಿಸುತ್ತ ತಲೆಯೆತ್ತಲಿಲ್ಲ. ತಪ್ಪಿತಸ್ಥರು, ಅದಕ್ಕೇ ಸುಮ್ಮನಿದ್ದಾರೆ ಎಂದುಕೊಂಡೆ.

ಒಂದು ದಿನ ಲಾಂಡ್ರಿಯ ಬಾಯ್ಲರ್ ಕೆಟ್ಟು ಮಧ್ಯಾಹ್ನವೇ ನಮ್ಮನ್ನು ಮನೆಗೆ ಕಳಿಸಿದರು. ಅತ್ತೆ ಹೊರಗೆ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದರು. ಅಡುಗೆಮನೆಗೆ ಕಾಲಿಟ್ಟರೆ ಏನೋ ಕೊರತೆ. ಫ್ರಿಜ್ಜಿನ ಗುರುಗುರು ಇಲ್ಲ. ಪ್ಲಗ್ಗು ಕಿತ್ತು ನೆಲದ ಮೇಲಿತ್ತು. ಬಾಗಿಲು ತೆಗೆದೆ, ಒಳಗೆ ಬಿಸಿಯುಸಿರಿನಂಥ ಗಾಳಿ. ಇನ್ಸುಲಿನ್ ಬಾಟಲಿಯ ಬುಡದಲ್ಲಿ ಒಡೆದ ಹಾಲಿನ ಹಾಗೆ ಬಿಳಿ ಚೂರುಗಳು. ಔಷಧಿ ಬಿಸಿಗೆ ಕೆಟ್ಟುಹೋಗಿತ್ತು, ಸಕ್ಕರೆ ಏರಿದ್ದು ಇದರಿಂದ.

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೇಳಿದರೆ ಒಂದೊಂದಾಗಿ ಹೇಳಿದರು. ನಾನು ಕೆಲಸಕ್ಕೆ ಹೊರಟ ಮೇಲೆ ಪ್ಲಗ್ಗು ಕೀಳುವುದು, ಬರುವ ಹೊತ್ತಿಗೆ ಮತ್ತೆ ಸಿಕ್ಕಿಸುವುದು. ಹಾಲು ಕೆಡದಂತೆ ಮತ್ತೆ ಮತ್ತೆ ಕಾಯಿಸುವುದು. ಬಾಗಿಲು ತೆಗೆಯದಿದ್ದರೆ ಔಷಧಿ ತಣ್ಣಗೇ ಇರುತ್ತದೆ ಎಂದುಕೊಂಡಿದ್ದರಂತೆ.

“ಸಕ್ಕರೆ ಮುಟ್ಟಿಲ್ಲ ಅಂತ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

“ಹೇಳಿದ್ರೆ, ಮತ್ತೆ ಯಾಕೆ ಏರ್ತು ಅಂತ ನೀನು ಹುಡುಕ್ತಿದ್ದೆ. ಹುಡುಕಿದ್ರೆ ಇದು ಸಿಕ್ಕಿಬೀಳೋದು.” ಕೈಯನ್ನು ಸೆರಗಿಗೆ ಒರೆಸಿಕೊಂಡರು. “ಮನೇಲಿ ನನ್ನೊಬ್ಬಳಿಗೋಸ್ಕರ ಓಡ್ತಿರೋದು ಅದೊಂದೇ ಕಣಮ್ಮ. ಕಳ್ಳಿ ಅನ್ನಿಸ್ಕೊಂಡ್ರೂ ಚಿಂತೆಯಿಲ್ಲ, ಭಾರ ಅನ್ನಿಸ್ಕೋಬಾರ್ದು ಅಂತಿತ್ತು.”

ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ, ಅವರು ನನ್ನ ತಲೆ ಸವರಿದರು. ಅದರಿಂದ ಇನ್ನೂ ನಾಚಿಕೆಯಾಯಿತು.

ಆಸ್ಪತ್ರೆಗೆ ಒಯ್ದರೆ ನರ್ಸಮ್ಮ ಇದ್ದಬದ್ದ ಬಾಟಲಿಗಳನ್ನೆಲ್ಲ ಬುಟ್ಟಿಗೆ ಎಸೆದು ಒಂದನ್ನು ಮಾತ್ರ ಕೊಟ್ಟಳು. ಉಳಿದವನ್ನು ಅಂಗಡಿಯಲ್ಲಿ ಕೊಳ್ಳಬೇಕಾಗಿ ಬಂತು, ಬಿಲ್ಲಿಗೆಂದು ಎತ್ತಿಟ್ಟ ದುಡ್ಡು ಅಲ್ಲಿಗೆ ಹೋಯಿತು. ಬಿಲ್ಲು ಕಟ್ಟದಿದ್ದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಆ ಹೊಸ ಔಷಧಿಯೂ ಇಲ್ಲ. ಯಜಮಾನರು ಟೀವಿಯನ್ನು ಗೋಡೆಯಿಂದ ಇಳಿಸಿ, ಹಳೆ ಚಾದರದಲ್ಲಿ ಸುತ್ತಿ ವ್ಯಾನಿಗೆ ಹಾಕಿಕೊಂಡು ಹೋದರು. ಮಗಳು ಮುಖ ಊದಿಸಿಕೊಂಡಳು. ಬಿಲ್ಲು ಕಟ್ಟಿಯಾಯಿತು.

ಲಾಂಡ್ರಿಯಿಂದ ದಪ್ಪ ಅಂಟುಪಟ್ಟಿ ತಂದು ಫ್ರಿಜ್ಜಿನ ಪ್ಲಗ್ಗನ್ನು ಗೋಡೆಗೆ ಬಿಗಿದೆ. ಅಟ್ಟದ ಮೇಲಿನ ಸಕ್ಕರೆ ಡಬ್ಬಿಯನ್ನು ಇಳಿಸಿ, ಒರೆಸಿ, ಒಲೆಯ ಪಕ್ಕ ಮೊದಲಿನ ಜಾಗದಲ್ಲೇ ಇಟ್ಟೆ. ಅತ್ತೆ ನೋಡಿದರು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಡಬ್ಬಿ ಇಳಿಸಿದ್ದರಲ್ಲೇ ಎಲ್ಲ ಮುಗಿಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರೇ ಟೀ ಮಾಡಿದರು. ತಮ್ಮ ಲೋಟವನ್ನು ಸಪ್ಪೆಯಾಗಿ ಪಕ್ಕಕ್ಕಿಟ್ಟು, ನನ್ನದಕ್ಕೆ ಸಕ್ಕರೆ ಹಾಕಿ ಕಲಕಿದರು. ಆಮೇಲೆ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ ಮುಚ್ಚಳ ಬಿಗಿ ಮಾಡಿದರು.

“ಮುಚ್ಚಿದೀನಿ, ನೋಡ್ಕೋಮ್ಮ” ಎಂದರು.

ಕೊಂಕು ಮಾತಲ್ಲ ಅದು, ಅವರಿಗೆ ಕೊಂಕು ಬರುವುದಿಲ್ಲ. ನಾನು ಲೋಟ ಹಿಡಿದು ನಿಂತೇ ಇದ್ದೆ, ಟೀ ಆರಿಹೋಯಿತು.