ಆಲ್ಟಾ ಪ್ರೂಯಿಟ್ ಕೇಳಿದ ಪರವಾನಗಿ

ನಾನೊಮ್ಮೆ ನಮ್ಮ ಜಗಲಿಯಲ್ಲಿ ಕೂತು ಹಾರಿಸಿದ ಗುಂಡು ಅಷ್ಟು ದೂರದ ವೇಕೋ ಪಟ್ಟಣದವರೆಗೆ ಹೋಗಿ, ಯಾರದೋ ಹುಟ್ಟುಹಬ್ಬದ ಕೇಕಿನ ಮೇಲಿದ್ದ ಮೇಣದಬತ್ತಿಗಳನ್ನೆಲ್ಲ ಆರಿಸಿ, ಮಗು ಅಳಬಾರದೆಂದು ಒಂದನ್ನು ಮಾತ್ರ ಉಳಿಸಿ, ಮರಳಿ ಬಂದು ನನ್ನ ಜೇಬಿಗೇ ಬಿತ್ತು. ಜೇಬು ಸಂಜೆಯವರೆಗೂ ಬೆಚ್ಚಗಿತ್ತು. ನಂಬದವರು ವೇಕೋಗೆ ಹೋಗಿ ವಿಚಾರಿಸಿಕೊಳ್ಳಲಿ. ಕೇಕು ಉಳಿದಿರಲಾರದು, ತಟ್ಟೆ ಇದ್ದೇ ಇರುತ್ತದೆ.

ಕ್ಲೇಬ್ ಟಟಲ್ ಎಂಬ ಇಂಥ ನಾನಿರುವ ಊರಿನಲ್ಲಿ ಪಿಸ್ತೂಲಿನ ಪರವಾನಗಿ ತರಗತಿ ನಡೆಯದೆ ಇನ್ನೆಲ್ಲಿ ನಡೆದೀತು? ದನದ ಮೇವಿನ ಅಂಗಡಿಯ ಹಿಂದಿನ ಕೊಠಡಿಯಲ್ಲಿ ಪ್ರತಿ ಶನಿವಾರ ನಡೆಯುತ್ತದೆ. ಅಂಗಿಯೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಬಯಸುವ ಟೆಕ್ಸಸ್ಸಿನವರು ಮೊದಲು ಇಲ್ಲಿ ಕೂತು ಕಾಯಿದೆ ಕೇಳಬೇಕು. ಆಮೇಲೆ ಸುಣ್ಣಕಲ್ಲಿನ ಹಳೆಯ ಗಣಿಗೆ ಹೋಗಿ, ಕಾಗದದ ಮೇಲಿನ ಮನುಷ್ಯನಿಗೆ ಗುರಿಯಿಟ್ಟು ಹೊಡೆದು ತೋರಿಸಬೇಕು. ನನ್ನ ತಂಗಿ ವರ್ನೆಲ್ ಈ ತರಗತಿಯಲ್ಲಿ ನನಗೆ ಸಹಾಯಕಿ. ಕಾಯಿದೆ ವಿವರಿಸುವುದು, ಗುಂಡು ಹಾರಿಸಿ ತೋರಿಸುವುದು, ಪಾಸು ಫೇಲು ನಿರ್ಧರಿಸುವುದು ಇಂಥ ಸಣ್ಣಪುಟ್ಟ ಕೆಲಸಗಳನ್ನು ಅವಳಿಗೆ ಬಿಟ್ಟಿದ್ದೇನೆ. ಕುರ್ಚಿ ಹಾಕುವುದು, ಕಾಗದದ ಮನುಷ್ಯನನ್ನು ಹಲಗೆಗೆ ಅಂಟಿಸುವುದು ಮುಂತಾದ ಹೊಣೆಗಾರಿಕೆಯ ಕೆಲಸಗಳೆಲ್ಲ ನನ್ನವು.

ನನ್ನ ಎದುರುಮನೆಯವಳು ಆಲ್ಟಾ ಪ್ರೂಯಿಟ್. ಅವಳು ಹುಬ್ಬು ಗಂಟಿಕ್ಕಿ ನೋಡಿದರೆ ಹೋರಿ ತಾನಾಗಿಯೇ ಬೇಲಿ ದಾಟಿ ಕಟುಕನ ಅಂಗಡಿಯ ದಾರಿ ಕೇಳುತ್ತದೆ. ಮೊಮ್ಮಗಳು ಮಾರ್ಲಿಸ್‌ಳನ್ನು ತೊಟ್ಟಿಲಿನಿಂದ ಸಾಕಿದವಳು ಅವಳೇ. ಹುಡುಗಿ ಹತ್ತೊಂಬತ್ತು ದಾಟುವಷ್ಟರಲ್ಲಿ ಊರಿನ ಹುಡುಗರೆಲ್ಲ ತಮ್ಮ ತಮ್ಮ ಪಿಕಪ್ ಗಾಡಿ ತೊಳೆದುಕೊಂಡು ಆ ಮನೆಯ ಮುಂದೆ ನಿಧಾನವಾಗಿ ಹಾಯತೊಡಗಿದ್ದರು. ಎಷ್ಟು ನಿಧಾನವೆಂದರೆ ಚಕ್ರಗಳಿಗೆ ಪಾಚಿ ಕಟ್ಟುತ್ತಿತ್ತು. ಆಗ ಆಲ್ಟಾ ಜಗಲಿಗೆ ಬಂದು ಡಂಗುರ ಸಾರಿದಳು.

“ಪಿಸ್ತೂಲಿನ ಪರವಾನಗಿ ಯಾರ ಹತ್ರ ಇದ್ಯೋ ಅವ್ನು ಮಾತ್ರ ನನ್ ಮೊಮ್ಮಗಳನ್ನ ಕೇಳ್ಕೊಂಡು ಬರ್ಬೋದು. ಮಿಕ್ಕೋರು ಅಲ್ಲೇ ಗೇಟ್ ಹತ್ರ ಟೋಪಿ ತೆಗ್ದು, ಮತ್ತೆ ಹಾಕ್ಕೊಂಡು, ಮನೆಗ್ ಹೋಗಿ.”

ಅಲ್ಲಿಗೆ ಪಿಕಪ್ ಮೆರವಣಿಗೆ ಕರಗಿತು. ನಮ್ಮ ರಾಜ್ಯದಲ್ಲಿ ಇಪ್ಪತ್ತೊಂದು ತುಂಬದವರಿಗೆ ಆ ಪರವಾನಗಿ ಸಿಗುವುದಿಲ್ಲ, ಮಾರ್ಲಿಸ್‌ಳ ಹಿಂದೆ ಬಿದ್ದವರಲ್ಲಿ ಇಪ್ಪತ್ತೊಂದು ತುಂಬಿದವರೇ ಇರಲಿಲ್ಲ. ಇಬ್ಬರು ಮೀಸೆ ಬಿಟ್ಟು ತರಗತಿಗೆ ಬಂದರು. ವರ್ನೆಲ್ ಮೀಸೆ ನೋಡದೆ ಹುಟ್ಟಿದ ವರ್ಷ ಕೇಳಿದಳು.

ಆದರೆ ಕಾಯಿದೆಗೊಂದು ಕಿಟಕಿಯಿದೆ. ಸೇನೆಯಲ್ಲಿರುವವರಿಗೆ ಹದಿನೆಂಟಾದರೆ ಸಾಕು. ಆ ಕಿಟಕಿಯಿಂದ ಒಳಗೆ ಬಂದವನು ಎಲ್ಲಿಸ್ ವಾಂಡ್ರಾ. ನೆಬ್ರಾಸ್ಕಾದ ಹುಡುಗ, ಹತ್ತೊಂಬತ್ತು ವರ್ಷ, ಪಕ್ಕದ ಸೇನಾ ಠಾಣೆಯಲ್ಲಿ ಸಿಪಾಯಿ. ಮಾರ್ಲಿಸ್ ಕೆಲಸ ಮಾಡುವ ಡೋನಟ್ ಅಂಗಡಿಗೆ ದಿನಾ ಬಂದು, ತಿನ್ನಲಾರದಷ್ಟು ಡೋನಟ್ ಕೊಂಡು, ಅವನು ಇಡೀ ಪಡೆಯನ್ನೇ ದಪ್ಪ ಮಾಡಿದ್ದ. ತರಗತಿಗೆ ಬಂದ ದಿನ ನಾನೇ ಅವನನ್ನು ಮಾತಾಡಿಸಿದೆ.

“ಸೇನೇಲಿ ಏನಪ್ಪಾ ನಿಂದು? ಟ್ಯಾಂಕಾ?”

“ಟ್ಯೂಬಾ, ಸರ್,” ಎಂದ ಎದ್ದು ನಿಂತು.

“ಅದೆಂಥ ಫಿರಂಗಿ?”

“ಫಿರಂಗಿ ಅಲ್ಲ ಸರ್. ಊದೋದು. ನಾನು ಬ್ಯಾಂಡ್‌ನಲ್ಲಿದೀನಿ.”

“ಪಿಸ್ತೂಲ್ ಹಿಡ್ದಿದ್ಯಾ ಯಾವಾಗ್ಲಾದ್ರೂ?”

“ಇಲ್ಲ ಸರ್. ಎರಡು ಕೈಯೂ ಟ್ಯೂಬಾಗೇ ಬೇಕು ಸರ್.”

ಈ ಹುಡುಗನ ದೋಷವೊಂದೇ: ಕೇಳಿದ್ದಕ್ಕೆ ನಿಜ ಹೇಳುತ್ತಿದ್ದ, ಅದೂ ಎದ್ದು ನಿಂತು, ಊರಿಗೆಲ್ಲ ಕೇಳುವಂತೆ. ತರಬೇತಿಯಲ್ಲಿ ಹಾಗೆ ತಿದ್ದಿಬಿಟ್ಟಿದ್ದರು. ಬಚ್ಚಿಡುವ ಪರವಾನಗಿ ಕೇಳಲು ಬಂದವನು ಶೀತವನ್ನೂ ಬಚ್ಚಿಡಲಾರದವನು.

ಅವನಿಗೆ ಅವಸರವೂ ಇತ್ತು. ಬ್ಯಾಂಡನ್ನು ಬೇಸಿಗೆ ಮುಗಿಯುವಷ್ಟರಲ್ಲಿ ಜರ್ಮನಿಗೆ ಕಳಿಸುವರೆಂದು ಆಜ್ಞೆಯಾಗಿತ್ತು. ಮದುವೆಯಾಗಿದ್ದರೆ ಹೆಂಡತಿಯನ್ನೂ ಸೇನೆಯೇ ಕರೆದೊಯ್ಯುತ್ತದೆ, ಇಲ್ಲದಿದ್ದರೆ ಟ್ಯೂಬಾವನ್ನು ಮಾತ್ರ. ಮಾರ್ಲಿಸ್ ಅವನ ಮುಖಕ್ಕೇ ಹೇಳಿದ್ದಳು: “ನಂಗೆ ನೀನು ಬೇಕು ಕಣೋ, ಆದ್ರೆ ಅಜ್ಜಿ ಹೂಂ ಅನ್ನದೆ ನಾನು ಆ ಗೇಟ್ ದಾಟಲ್ಲ. ನನ್ನನ್ನ ಸಾಕಿದ್ದು ಜರ್ಮನಿ ಅಲ್ಲ, ಅಜ್ಜಿ.”

ಗುರಿಪರೀಕ್ಷೆಯ ದಿನ ನಾನು ಅವನ ಕಿವಿಯಲ್ಲಿ ಒಂದೇ ಗುಟ್ಟು ಉಸುರಿದೆ. “ಊದೋಕ್ ಮುಂಚೆ ಹೆಂಗೆ ಉಸಿರು ಹಿಡೀತೀಯೋ ಹಂಗೆ ಹಿಡಿ.” ಹುಡುಗ ಉಸಿರೆಳೆದ. ಗಣಿಯ ಆಚೆ ದಡದ ಹುಲ್ಲು ಇವನ ಕಡೆ ಬಾಗಿತು. ಮೊದಲ ಗುಂಡು ಕಾಗದದ ಮನುಷ್ಯನ ಎದೆಯಲ್ಲಿ ತೂತು ಮಾಡಿತು, ಮಿಕ್ಕ ಗುಂಡುಗಳೆಲ್ಲ ಕಾಗದ ಹಾಳಾಗಬಾರದೆಂದು ಅದೇ ತೂತಿನಲ್ಲಿ ಸಾಲಾಗಿ ದಾಟಿದವು.

ಸರ್ಕಾರ ಅವನ ಬೆರಳಚ್ಚು ತೆಗೆದುಕೊಂಡು, ಹಿಂದುಮುಂದೆಲ್ಲ ಜಾಲಾಡಿ, ಕೊನೆಗೆ ಪರವಾನಗಿಯ ಕಾರ್ಡು ಕಳಿಸಿತು. ಹುಡುಗ ಕಾರ್ಡು ಹಿಡಿದುಕೊಂಡು ನೇರ ಪಿಸ್ತೂಲಿನ ಅಂಗಡಿಗೆ ಹೋದ. ನಾನೂ ಜೊತೆಗಿದ್ದೆ.

ಅಂಗಡಿಯವನು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿಕೊಂಡ. “ಚೆನ್ನಾಗಿದೆ ಕಣಪ್ಪಾ ಫೋಟೋ. ಆದ್ರೆ ನಿಂಗೆ ಪಿಸ್ತೂಲ್ ಮಾರೋ ಹಾಗಿಲ್ಲ. ಇಪ್ಪತ್ತೊಂದು ತುಂಬ್ಬೇಕು.”

“ಸರ್, ಬಚ್ಚಿಟ್ಕೊಳ್ಳೋಕೆ ನಂಗೆ ಪರವಾನಗಿ ಇದೆ ಸರ್.”

“ಬಚ್ಚಿಟ್ಕೋ, ಯಾರ್ ಬೇಡ ಅಂದ್ರು. ಬಚ್ಚಿಡೋದು ಟೆಕ್ಸಸ್ ಕಾಯಿದೆ. ಮಾರೋದು ವಾಷಿಂಗ್ಟನ್ ಕಾಯಿದೆ. ಎರಡೂ ಒಂದನ್ನೊಂದು ಮಾತಾಡ್ಸಲ್ಲ.”

“ಯಾರಾದ್ರೂ ಉಡುಗೊರೆ ಕೊಟ್ರೆ?”

“ಇಸ್ಕೋಬೋದು. ನಿಮ್ಮಪ್ಪನ್ನ ಕೇಳು.”

“ನಮ್ಮಮ್ಮ ಮನೇಲಿ ಆಟಿಕೆ ಪಿಸ್ತೂಲ್ ಕೂಡ ಬಿಟ್ಕೊಳ್ಳಲ್ಲ ಸರ್.”

ನಾನು ನಡುವೆ ಬಾಯಿ ಹಾಕಿದೆ. “ಸಿಕ್ತು ಅಂತಿಟ್ಕೋ, ಎಲ್ಲಿಡ್ತೀಯ?”

“ಬ್ಯಾರಕ್ಸ್‌ನಲ್ಲಿ ಇಡೋ ಹಾಗಿಲ್ಲ ಸರ್. ಶಸ್ತ್ರಾಗಾರಕ್ಕೆ ಒಪ್ಪಿಸ್ಬೇಕು. ಠಾಣೆಯೊಳಗೆ ಅಂಗಿಯಲ್ಲಿ ಇಟ್ಕೊಂಡು ಓಡಾಡೋ ಹಾಗೂ ಇಲ್ಲ.”

“ಅಂದ್ರೆ ನೀನು ಎಲ್ಲಿರ್ತೀಯೋ ಅಲ್ಲಿ ಅದಿರೋ ಹಾಗಿಲ್ಲ.”

“ಹೌದು ಸರ್,” ಎಂದ ಎಲ್ಲಿಸ್. ಅಂಗಡಿಯವನಿಗೂ ದುಃಖವಾಗಿ ಅವನಿಗೆ ಒಂದು ಪೆಪ್ಪರ್‌ಮಿಂಟು ಕೊಟ್ಟ.

ಹೊರಗೆ ಬಂದು ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ಆ ಭಾನುವಾರ ಆಲ್ಟಾಳ ಮನೆಯ ಊಟಕ್ಕೆ ಅವನಿಗೆ ಕರೆಯಿತ್ತು. ಅಲ್ಲಿಯೇ ಅವನು ಮಾರ್ಲಿಸ್‌ಳನ್ನು ಕೇಳಬೇಕು. ಆಲ್ಟಾ ಹೂಂ ಎಂದರೆ ಹೂಂ, ಊಹೂಂ ಎಂದರೆ ಜರ್ಮನಿ.

“ಖಾಲಿ ಸೊಂಟ ಇಟ್ಕೊಂಡು ಹೆಂಗ್ ಹೋಗ್ಲಿ ಸರ್? ಅವರಿಗೆ ಬೇಕಿರೋದು ಮೊಮ್ಮಗಳನ್ನ ಕಾಯೋ ಗಂಡಸು.”

“ದಡ್ಡ,” ಎಂದೆ. “ನಿನ್ ಪರವಾನಗಿ ಏನಂತ? ಬಚ್ಚಿಡೋದು ಅಂತ. ಬಚ್ಚಿಟ್ಟಿದ್ದನ್ನ ಯಾರೂ ನೋಡೋ ಹಾಗಿಲ್ಲ. ಅಂಗಿ ಕೆಳಗೆ ಒಂದು ಉಬ್ಬು ಕಂಡ್ರೆ ಆಯ್ತು. ಮಿಕ್ಕಿದ್ದನ್ನ ಆಲ್ಟಾನೇ ಊಹಿಸ್ಕೋತಾಳೆ.”

“ಅದು ಸುಳ್ಳಲ್ವಾ ಸರ್?”

“ಬಾಯಿ ಬಿಟ್ಟು ಹೇಳಿದ್ರೆ ಸುಳ್ಳು. ಉಬ್ಬು ಮಾತಾಡುತ್ತೇನಯ್ಯಾ?”

ಭಾನುವಾರ ಇಗರ್ಜಿ ಬಿಟ್ಟ ಮೇಲೆ ಊಟಕ್ಕೆ ನನಗೂ ಕರೆಯಿತ್ತು. ಕರೆದಿರಲಿಲ್ಲ ಎಂದು ಆಲ್ಟಾ ಹೇಳಬಹುದು, ಆದರೆ ಹೋದಾಗ ತಟ್ಟೆಯಂತೂ ಇಟ್ಟಳು. ಒಳಗೆ ಹೋಗುವ ಮುಂಚೆ ಎಲ್ಲಿಸ್‌ನನ್ನು ಅವಳ ಅಂಗಳದ ಮೂಲೆಗೆ ಕರೆದೊಯ್ದೆ. ಅಲ್ಲಿ ಗಿಡಕ್ಕೆ ನೀರು ಬಿಡುವ ರಬ್ಬರ್ ಕೊಳವೆ ಬಿದ್ದಿತ್ತು. ಅದರ ತುದಿಗೆ ಹಿತ್ತಾಳೆಯ ಮೂತಿ, ಹಿಡಿ, ಒತ್ತುವ ಕೀಲು. ಪಿಸ್ತೂಲಿನ ಒಡಹುಟ್ಟಿದ ತಮ್ಮನೇ ಸರಿ. ಅದನ್ನು ತಿರುಚಿ ಬಿಚ್ಚಿ ಅವನ ಸೊಂಟಕ್ಕೆ ಸಿಕ್ಕಿಸಿ ಅಂಗಿ ಇಳಿಬಿಟ್ಟೆ. ಉಬ್ಬು ಎಷ್ಟು ಸೊಗಸಾಗಿ ಬಂತೆಂದರೆ ರಸ್ತೆಯಲ್ಲಿ ಹೋಗುತ್ತಿದ್ದ ನಾಯಿಯೊಂದು ಕೈ ಮೇಲೆತ್ತಿ ನಿಂತಿತು.

ಮೇಜಿನ ಮೇಲೆ ಹಿಟ್ಟು ಹಚ್ಚಿ ಕರಿದ ಮಾಂಸ, ಬಿಳಿ ಗ್ರೇವಿ, ಹುರುಳಿಕಾಯಿ, ಮೆಕ್ಕೆಜೋಳದ ರೊಟ್ಟಿ. ಎಲ್ಲಿಸ್ ಬೆನ್ನು ಬಾಗಿಸದೆ ಕೂತಿದ್ದ. ಬಾಗಿದರೆ ಹಿತ್ತಾಳೆ ಚುಚ್ಚುತ್ತಿತ್ತು. ಆಲ್ಟಾ ಅವನ ಸೊಂಟದ ಕಡೆ ಒಮ್ಮೆ ನೋಡಿ ಗ್ರೇವಿಯ ಪಾತ್ರೆ ದಾಟಿಸಿದಳು. ನಾನು ಮೇಜಿನಡಿ ಅವನ ಕಾಲು ತುಳಿದು ಶಹಬ್ಬಾಸ್ ಹೇಳಿದೆ.

ಆಮೇಲೆ ಅವನ ನೀಲಿ ಅಂಗಿಯ ಮೇಲೆ, ಉಬ್ಬಿನ ಸುತ್ತ, ಡೋನಟ್‌ನಷ್ಟು ಒದ್ದೆ ಕಾಣಿಸಿತು. ಬೆಳಿಗ್ಗೆ ಆಲ್ಟಾ ಗಿಡಗಳಿಗೆ ನೀರು ಬಿಟ್ಟಿದ್ದಳು, ಮೂತಿಯೊಳಗೆ ಇನ್ನೂ ನೀರು ನಿಂತಿತ್ತು. ಡೋನಟ್ ತಟ್ಟೆಯಾಯಿತು, ತಟ್ಟೆ ಟೆಕ್ಸಸ್ಸಿನ ನಕ್ಷೆಯಾಯಿತು. ಕುರ್ಚಿಯಿಂದ ನೆಲಕ್ಕೆ ತೊಟ್ಟಿಕ್ಕತೊಡಗಿತು. ಮಾರ್ಲಿಸ್ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು.

ಆಲ್ಟಾ ಚಮಚ ಕೆಳಗಿಟ್ಟಳು. “ಮಗಾ,” ಎಂದಳು ಮೆಲ್ಲಗೆ, “ನಿನ್ ಪಿಸ್ತೂಲ್ ಸೋರ್ತಿದೆ.”

ಎಲ್ಲಿಸ್ ಎದ್ದು ನಿಂತ. ನಾನು ಕಣ್ಣು ಹೊಡೆದೆ, ಕೆಮ್ಮಿದೆ, ಉಪ್ಪಿನ ಡಬ್ಬಿ ಉರುಳಿಸಿದೆ. ಹಿಮ್ಮಡಿ ಕೂಡಿಸಿ ನಿಂತ ಸಿಪಾಯಿಯ ಮುಂದೆ ಅದೆಲ್ಲ ನಡೆಯುವುದಿಲ್ಲ.

“ಅಮ್ಮಾ, ಇದು ಪಿಸ್ತೂಲ್ ಅಲ್ಲ. ನಿಮ್ಮದೇ ಕೊಳವೆಯ ಮೂತಿ. ನನ್ನ ಹತ್ರ ಪಿಸ್ತೂಲೇ ಇಲ್ಲ. ಕೊಳ್ಳೋಕೆ ಹೋದ್ರೆ ವಯಸ್ಸಾಗಿಲ್ಲ ಅಂದ್ರು. ಇದ್ರೂ ಇಟ್ಕೊಳ್ಳೋಕೆ ಜಾಗ ಇಲ್ಲ. ನಿಮ್ಮನ್ನ ನಂಬಿಸೋಕೆ ನೋಡ್ದೆ, ತಪ್ಪಾಯ್ತು. ನಾನು ಹೊಡೆದಾಡೋನೂ ಅಲ್ಲ. ಟ್ಯೂಬಾ ಊದ್ತೀನಿ. ಮಾರ್ಲಿಸ್ ಅಂದ್ರೆ ಪ್ರಾಣ. ಇಷ್ಟೇ ಅಮ್ಮಾ.”

ಮೂತಿಯನ್ನು ತೆಗೆದು ಗ್ರೇವಿಯ ಪಕ್ಕದಲ್ಲಿಟ್ಟ. ಮಾರ್ಲಿಸ್ ಈಗ ನಗುತ್ತಿರಲಿಲ್ಲ. ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು, ಅವಳ ಕೈಯಲ್ಲಿದ್ದ ರೊಟ್ಟಿ ಪುಡಿಪುಡಿಯಾಗಿ ಮಡಿಲಿಗೆ ಬೀಳುತ್ತಿತ್ತು.

“ಪಿಸ್ತೂಲ್ ಯಾರ್ ಕೇಳಿದ್ರು?” ಎಂದಳು ಆಲ್ಟಾ.

“ಅಮ್ಮಾ?”

“ನಾನು ಕೇಳಿದ್ದು ಪರವಾನಗಿ. ಇದ್ಯೋ ಇಲ್ವೋ?”

ಎಲ್ಲಿಸ್ ಜೇಬಿನಿಂದ ಕಾರ್ಡು ತೆಗೆದುಕೊಟ್ಟ. ಅದೂ ಒದ್ದೆಯಾಗಿತ್ತು. ಆಲ್ಟಾ ಏಪ್ರನ್ನಿನಲ್ಲಿ ಅದನ್ನು ಒರೆಸಿ, ಕನ್ನಡಕ ಏರಿಸಿ, ಜಾತಕ ನೋಡುವವರ ಹಾಗೆ ನೋಡಿದಳು.

“ಅಜ್ಜಿ, ಮತ್ತೆ ಪಿಸ್ತೂಲೇ ಬೇಡ ಅಂದ್ರೆ ಇದ್ಯಾಕೆ?” ಎಂದಳು ಮಾರ್ಲಿಸ್.

“ಕೇಳೇ. ನನ್ ಮೊದಲ್ನೇ ಗಂಡ ಇನ್ನೊಂದ್ ಕಡೆ ಇದ್ದ ಮಕ್ಕಳಿಗೆ ಕೋರ್ಟ್ ಹೇಳಿದ್ ದುಡ್ಡು ಕೊಡ್ದೆ ಓಡ್ಬಂದಿದ್ದ. ಎರಡನೇಯೋನು ಜೈಲಿಂದ ಬಂದಿದ್ದ, ನನ್ ಹತ್ರ ಕ್ಯಾಲಿಫೋರ್ನಿಯಾದಿಂದ ಅಂದಿದ್ದ. ಇಬ್ಬರ್ದೂ ಬಣ್ಣ ಬಯಲಾಗಿದ್ದು ಮದ್ವೆ ಆದ್ಮೇಲೆ. ಈ ಕಾರ್ಡ್ ಕೊಡೋಕ್ ಮುಂಚೆ ಸರ್ಕಾರದೋರು ಜೈಲಿಗ್ ಹೋಗಿದ್ದಾನಾ, ಕುಡುಕನಾ, ಮಕ್ಕಳಿಗೆ ಮೋಸ ಮಾಡಿದ್ದಾನಾ, ತಲೆ ನೆಟ್ಟಗಿದ್ಯಾ ಎಲ್ಲಾ ನೋಡ್ತಾರೆ. ನಾನು ಒಬ್ಬಳೇ ಎಲ್ಲೀಂತ ವಿಚಾರಿಸ್ಲಿ? ಸರ್ಕಾರ ಪುಕ್ಕಟೆ ವಿಚಾರಿಸಿ ಕೊಡ್ತಿದೆ.”

ಕಾರ್ಡನ್ನು ಎಲ್ಲಿಸ್‌ಗೆ ಹಿಂತಿರುಗಿಸಿದಳು. “ಸರ್ಕಾರ ಒಪ್ಕೊಂಡಿದೆ. ನಾನೂ ಒಪ್ಕೊಂಡೆ. ಕೂತ್ಕೋ, ಗ್ರೇವಿ ಆರ್ತಿದೆ. ಜರ್ಮನೀಲಿ ಇವಳಿಗೆ ಚಳಿ ಆಗದ ಹಾಗೆ ನೋಡ್ಕೋ.”

ಮಾರ್ಲಿಸ್ ಮೇಜು ಸುತ್ತಿ ಬಂದು ಒದ್ದೆ ಅಂಗಿಯನ್ನೇ ಅಪ್ಪಿಕೊಂಡಳು. ನಾನು ಕಣ್ಣೊರೆಸಿಕೊಂಡು ಪೀಚ್ ಹಣ್ಣಿನ ಸಿಹಿಯತ್ತ ಕೈ ಚಾಚಿದೆ. ಆಲ್ಟಾ ಪಾತ್ರೆಯನ್ನು ತನ್ನತ್ತ ಎಳೆದುಕೊಂಡಳು.

“ಮೂತಿ ಸಿಕ್ಕಿಸಿದ್ದು ಯಾರ ಬುದ್ಧಿ?”

“ನಮ್ಮ ಮೇಷ್ಟ್ರದು ಅಮ್ಮಾ,” ಎಂದ ಎಲ್ಲಿಸ್, ಮತ್ತೆ ಎದ್ದು ನಿಂತು.

“ಯಾರು ಮೇಷ್ಟ್ರು? ಕ್ಲೇಬಾ?” ಆಲ್ಟಾ ನನ್ನತ್ತ ತಿರುಗಿ ಅಂಗೈ ಚಾಚಿದಳು. “ಎಲ್ಲಿ, ತೋರಿಸಯ್ಯಾ ನಿಂದು.”

“ಏನನ್ನ?”

“ಕಾರ್ಡು. ಊರಿಗೆಲ್ಲ ಕಲ್ಸೋನು, ನಿನ್ ಹತ್ರ ಇರ್ಲೇಬೇಕಲ್ಲ.”

ಮನೆಯಲ್ಲಿದೆ ಎಂದೆ. ಕಾಯ್ತೀನಿ, ರಸ್ತೆ ದಾಟಿದ್ರೆ ಮನೆ, ಎಂದಳು. ಅದು ಬಹಳ ಹಳೆಯದು, ಫೋಟೋ ಮಸುಕಾಗಿದೆ ಎಂದೆ. ಕನ್ನಡಕ ಇದೆ ಎಂದಳು. ಆ ಹುಡುಗ ನನ್ನನ್ನು ನೋಡುತ್ತ ನಿಂತಿದ್ದ. ಅವನ ಅಂಗಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು, ಆ ಮುಖದಲ್ಲಿ ನನ್ನ ಮೇಲೆ ಒಂಚೂರೂ ಅನುಮಾನವಿರಲಿಲ್ಲ. ಅದನ್ನು ನೋಡಿದ ಮೇಲೆ ಇನ್ನೊಂದು ಸುಳ್ಳು ಕಟ್ಟಲಾಗಲಿಲ್ಲ.

ಹೇಳಿಬಿಟ್ಟೆ. ಕಾರ್ಡು ಇಲ್ಲ. ಯಾವತ್ತೂ ಇರಲಿಲ್ಲ. ತರಗತಿ ವರ್ನೆಲ್‌ಳದು, ನಾನು ಕುರ್ಚಿ ಹಾಕಿ ಕಾಗದ ಅಂಟಿಸುವವನು. ಎಲ್ಲಿಸ್‌ನ ಗುಂಡುಗಳೂ ಒಂದೇ ತೂತಿನಲ್ಲಿ ಹೋಗಲಿಲ್ಲ, ಗ್ರೇವಿಯ ಮೇಲೆ ಉದುರಿಸಿದ ಕರಿಮೆಣಸಿನ ಹಾಗೆ ಕಾಗದದ ತುಂಬ ಬಿದ್ದಿದ್ದವು. ಹೇಗೋ ಪಾಸಾದ. ನಾನೂ ಒಮ್ಮೆ ಆ ಪರೀಕ್ಷೆಗೆ ನಿಂತಿದ್ದೆ. ಸದ್ದಿಗೆ ಹೆದರಿ ಕಣ್ಣು ಮುಚ್ಚಿಕೊಂಡು ಹೊಡೆದೆ. ಸ್ವಂತ ತಂಗಿಯೇ ಫೇಲು ಮಾಡಿದಳು. ನನ್ನ ಕಾಗದದಲ್ಲಿ ಒಂದು ತೂತೂ ಇರಲಿಲ್ಲ, ಗುಂಡುಗಳೆಲ್ಲ ಪಕ್ಕದಲ್ಲಿ ನಿಂತಿದ್ದ ಪಾದ್ರಿಯ ಕಾಗದಕ್ಕೆ ಬಿದ್ದಿದ್ದವು.