ಹನ್ನೊಂದರಲ್ಲಿ ಇಲ್ಲದ ಕೈಗಳು

ನಾನು ಒಂದು ಜೊತೆ ವಿಕೆಟ್ ಕೀಪರ್ ಗ್ಲೋವ್ಸು. ಜೊತೆ ಎಂದರೂ ಒಂಟಿಯೇ. ಎಡಗೈ ಬಲಗೈ ಎರಡೂ ಸೇರಿ ಒಂದೇ ಜೀವ. ಹುಟ್ಟಿದ್ದು ಮೀರತ್ತಿನ ಒಂದು ಗಲ್ಲಿಯಲ್ಲಿ. ಮುದುಕನೊಬ್ಬ ಅಂಗೈಗೆ ರಬ್ಬರು ಅಂಟಿಸಿ, ಬೆರಳುಗಳಿಗೆ ಹೊಲಿಗೆ ಹಾಕಿ, ನನ್ನನ್ನು ತೊಟ್ಟು ಚಪ್ಪಾಳೆ ತಟ್ಟಿ ನೋಡಿದ. ನನಗೆ ಸಿಕ್ಕ ಮೊದಲ ಚಪ್ಪಾಳೆ ಅದು. ಅದನ್ನೂ ನಾನೇ ಹೊಡೆದುಕೊಂಡೆ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಗಾಜಿನ ಹಿಂದೆ ಕೂತಿದ್ದ ನನ್ನನ್ನು ಗದಗಿನ ಶಶಿರೇಖಾ ಹೊಂಬಳ ಕೊಂಡಳು. ಹೊಸ ಗ್ಲೋವ್ಸು ನೇರವಾಗಿ ಪಂದ್ಯಕ್ಕೆ ಒದಗುವುದಿಲ್ಲ. ಬಿಗಿಯಾಗಿರುತ್ತದೆ, ಚೆಂಡು ಪುಟಿದು ಆಚೆ ಬೀಳುತ್ತದೆ. ಅವಳು ಹಿತ್ತಲ ಗೋಡೆಗೆ ಚೆಂಡೆಸೆದು ಹಿಡಿದು, ಎಸೆದು ಹಿಡಿದು ನನ್ನನ್ನು ಪಳಗಿಸಿದಳು. ಬರುಬರುತ್ತಾ ಅವಳ ಬೆರಳು ಎಲ್ಲಿ ಮುಗಿಯುತ್ತದೆ, ನಾನೆಲ್ಲಿ ಶುರುವಾಗುತ್ತೇನೆ ಎಂಬುದು ನನಗೇ ತಿಳಿಯದಂತಾಯಿತು.

ಶಶಿ ರಾಜ್ಯಕ್ಕೆ ಆಡಿದಳು. ಆಮೇಲೆ ದೇಶದ ತಂಡಕ್ಕೂ ಆಯ್ಕೆಯಾದಳು, ಆದರೆ ಎರಡನೆಯ ಕೀಪರ್ ಆಗಿ. ಪ್ರವಾಸಕ್ಕೆ ಹೊರಟ ಹದಿನೈದು ಜನರಲ್ಲಿ ಹೆಸರಿರುತ್ತಿತ್ತು, ಮೈದಾನಕ್ಕಿಳಿಯುವ ಹನ್ನೊಂದರಲ್ಲಿ ಇರುತ್ತಿರಲಿಲ್ಲ. ಮೊದಲ ಕೀಪರ್ ಬ್ಯಾಟಿಂಗಿನಲ್ಲೂ ಗಟ್ಟಿಗಿತ್ತಿ. ಶಶಿಯ ಕೈ ಚೊಕ್ಕ, ಬ್ಯಾಟು ಅಷ್ಟಕ್ಕಷ್ಟೆ. ನೆಟ್ಸಿನಲ್ಲಿ ನಾನೂ ಅವಳೂ ಬೆವರು ಸುರಿಸುತ್ತಿದ್ದೆವು. ಪಂದ್ಯದ ದಿನ ನಾನು ಬ್ಯಾಗಿನೊಳಗೆ, ಅವಳು ನೀರಿನ ಬಾಟಲಿಗಳ ಪಕ್ಕದಲ್ಲಿ. ಜಿಪ್ಪು ಎಳೆದರೆ ಕತ್ತಲೆ. ಹೊರಗೆ ಜನ ಕೂಗುವುದು ಕೇಳಿಸುತ್ತಿತ್ತು, ಯಾಕೆ ಕೂಗಿದರೆಂದು ಹೇಳುವವರು ಯಾರೂ ಇರಲಿಲ್ಲ.

ಹೆಂಗಸರಿಗೆ ಟೆಸ್ಟ್ ಪಂದ್ಯ ಸಿಗುವುದೇ ಅಪರೂಪ. ಮೂವತ್ತು ದಾಟಿದ ಶಶಿಗೆ, ಇದು ತಪ್ಪಿದರೆ ಇನ್ನಿಲ್ಲ ಎಂಬಂಥ ಟೆಸ್ಟೊಂದು ಬಂತು. ಹಿಂದಿನ ದಿನ ಅಭ್ಯಾಸದಲ್ಲಿ ಮೊದಲ ಕೀಪರಿನ ಬೆರಳು ಮುರಿಯಿತು. ಅಯ್ಯೋ ಎನ್ನಬೇಕಾದಲ್ಲಿ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಶಶಿ ಮನೆಗೆ ಫೋನು ಮಾಡಹೋಗಿ, ತಡೆದು, ಫೋನು ಕೆಳಗಿಟ್ಟಳು.

ಸಂಜೆ ನಾಯಕಿ ವಾರಿಜಾ ಕೋಣೆಗೆ ಬಂದಳು. ಮೈಸೂರಿನವಳು, ಶಶಿಗಿಂತ ಚಿಕ್ಕವಳು. ಬಾಗಿಲಲ್ಲೇ ನಿಂತಳು.

"ಪಿಚ್ ನೋಡ್ಕೊಂಡ್ ಬಂದೆ ಶಶಿಯಕ್ಕ. ಈಗ್ಲೇ ಬಿರುಕು ಬಿಟ್ಟಿದೆ. ಮೂರು ಜನ ಸ್ಪಿನ್ನರ್ಸ್ ಬೇಕೇ ಬೇಕು, ಜೊತೆಗೆ ಇಬ್ರು ಫಾಸ್ಟ್ ಬೌಲರ್ಸ್. ಬ್ಯಾಟಿಂಗಿಗೆ ಆರು ಜನ ಇಲ್ದೆ ಆಗಲ್ಲ..."

"ಅಲ್ಲಿಗೆ ಹನ್ನೊಂದು ಮುಗೀತಲ್ಲ," ಎಂದಳು ಶಶಿ. "ಕೀಪಿಂಗ್ ಯಾರು ಮಾಡ್ತಾರವಾ?"

"ನಂದಿತಾ. ಆರು ಜನ ಬ್ಯಾಟರ್ಸಲ್ಲಿ ಅವಳಿಗೊಬ್ಳಿಗೆ ಸ್ವಲ್ಪ ಕೀಪಿಂಗ್ ಬರತ್ತೆ. ನಿಮ್ಮಷ್ಟು ಚೆನ್ನಾಗಲ್ಲ, ನಂಗೊತ್ತು. ಆದ್ರೆ ಟೀಮ್ ಬ್ಯಾಲೆನ್ಸ್ ಆಗ್ಬೇಕಲ್ಲ ಅಕ್ಕ."

"ಖರೇ ಐತಿ. ನಾ ಕ್ಯಾಪ್ಟನ್ ಇದ್ದಿದ್ರೂ ಹಿಂಗ ಮಾಡ್ತಿದ್ದೆ. ಹೋಗು, ಊಟ ಮಾಡು."

ವಾರಿಜಾ ಹೋದ ಮೇಲೆ ಶಶಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಸಮತೋಲನ ಎಂಬ ಮಾತಿನ ಮೇಲೆ ನನಗೆ ಅಂದಿನಿಂದ ಸಿಟ್ಟು. ತಕ್ಕಡಿ ಸಮವಾಗಲು ಒಂದು ತಟ್ಟೆಯಿಂದ ಏನನ್ನೋ ತೆಗೆಯುತ್ತಾರೆ. ತೆಗೆದದ್ದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಆ ದಿನ ಅವಳು ಊಟಕ್ಕೆ ಇಳಿಯಲಿಲ್ಲ.

ಬೆಳಿಗ್ಗೆ ಇನ್ನೊಂದು ಪೇಚಾಟ. ಬ್ಯಾಟಿಂಗಿಗೆಂದು ಬಂದ ನಂದಿತಾ ತನ್ನ ಕೀಪಿಂಗ್ ಗ್ಲೋವ್ಸು ತಂದಿರಲಿಲ್ಲ. ಬೆರಳು ಮುರಿದವಳದ್ದು ಅವಳಿಗೆ ತೀರಾ ಸಡಿಲ. ಎಸೆದ ಚೆಂಡೆಲ್ಲ ಜಾರುತ್ತಿತ್ತು. ನನ್ನನ್ನು ಕೊಡೆಂದು ಶಶಿಯನ್ನು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಶಶಿ ಅದನ್ನು ನೋಡಿ ಬ್ಯಾಗು ತೆರೆದಳು.

"ಇದನ್ನ ಹಾಕ್ಕೊ ತಂಗಿ. ಸ್ಪಿನ್ನಿಗೆ ಲಗೂನ ಮ್ಯಾಲೇಳಬ್ಯಾಡ, ಚೆಂಡು ಎದ್ದಮ್ಯಾಲ ಏಳು."

ಹೀಗೆ ನಾನು ಟೆಸ್ಟ್ ಮೈದಾನಕ್ಕಿಳಿದೆ, ಶಶಿಯಿಲ್ಲದೆ. ನಂದಿತಾ ಕೆಟ್ಟವಳಲ್ಲ, ಪಾಪ. ಆದರೂ ಆ ಬೆರಳುಗಳು ನನ್ನೊಳಗೆ ನೆಂಟರ ಹಾಗೆ ಮುದುರಿಕೊಂಡಿದ್ದವು. ಅಷ್ಟು ಜನರ ನಡುವೆ ನನಗೆ ಬ್ಯಾಗಿನ ಕತ್ತಲೆಯೇ ವಾಸಿ ಎನಿಸಿತು.

ಮೂರನೆಯ ದಿನ ಬಿಸಿಲಿಗೆ ನಂದಿತಾಳ ಕಾಲು ಸೆಟೆದುಕೊಂಡಿತು. ಅವಳು ಕುಂಟುತ್ತಾ ಹೊರಗೆ ಹೋದಳು. ಬದಲಿ ಕೀಪರಿಗೆ ಅಂಪೈರ್ ಒಪ್ಪಿದರು. ಶಶಿ ಓಡಿ ಬಂದಳು. ನನ್ನೊಳಗೆ ಕೈ ತೂರಿಸಿ ಸ್ಟಂಪಿನ ಹಿಂದೆ ಕೂತಳು. ಕೆಲವು ಓವರುಗಳಾದ ಮೇಲೆ ಎದುರಾಳಿ ಒಂದು ಹೆಜ್ಜೆ ಮುಂದಿಟ್ಟಳು, ಚೆಂಡು ತಿರುಗಿತು. ನಾವು ಅಲ್ಲೇ ಕಾಯುತ್ತಿದ್ದೆವು. ಬೇಲ್ಸು ಹಾರಿದವು, ಸ್ಟಂಪ್ ಔಟ್. ವಾರಿಜಾ ಓಡಿಬಂದು ಶಶಿಯನ್ನು ಅಪ್ಪಿಕೊಂಡು, "ಅಕ್ಕಾ, ಅಕ್ಕಾ" ಎಂದಳು.

ಅರ್ಧ ಗಂಟೆಗೆ ನಂದಿತಾ ಹಿಂದಿರುಗಿದಳು. ಶಶಿ ನನ್ನನ್ನು ಕಳಚಿ ಅವಳ ಕೈಗಿತ್ತಳು.

ಮರುದಿನ ಗೆದ್ದೆವು. ಹೆಚ್ಚು ವಿಕೆಟ್ ಬಿದ್ದದ್ದು ಆ ಮೂರನೆಯ ಸ್ಪಿನ್ನರಿಗೇ. ವಾರಿಜಾಳ ಲೆಕ್ಕ ಸರಿಯಾಗಿತ್ತು. ಬೈಯೋಣವೆಂದರೂ ನನಗೆ ಯಾರೂ ಉಳಿಯಲಿಲ್ಲ. ಆದರೆ ಬದಲಿಯಾಗಿ ಬಂದವರು ಟೆಸ್ಟ್ ಆಡಿದಂತಲ್ಲ, ಅವರಿಗೆ ಟೆಸ್ಟ್ ಟೋಪಿ ಸಿಗುವುದಿಲ್ಲ. ಇನ್ನೊಂದು ಟೆಸ್ಟ್ ಬರುವಷ್ಟರಲ್ಲಿ ಶಶಿ ಆಟ ಬಿಟ್ಟಿದ್ದಳು.

ಈಗ ನಾನು ಗದಗಿನ ಮನೆಯಲ್ಲಿ ಅಲ್ಮೇರಾದ ಮೇಲಿದ್ದೇನೆ. ನನ್ನ ರಬ್ಬರು ಪುಡಿಯಾಗಿ ಉದುರುತ್ತಿದೆ. ಶಶಿ ಸಂಜೆ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ಮೊನ್ನೆ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ಇದೇ ಕೋಣೆಯಲ್ಲಿ ಕೂತು ಕೇಳಿದಳು:

"ಮೇಡಂ, ನೀವು ಟೆಸ್ಟ್ ಮ್ಯಾಚ್ ಆಡೀರೇನ್ರಿ?"

"ಇಲ್ರಿ," ಎಂದಳು ಶಶಿ. "ಆಡಿಲ್ಲ."

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನಾನು ಆಡಿದ್ದೇನೆ, ನಾಲ್ಕು ದಿನ. ಅದರಲ್ಲಿ ಅರ್ಧ ಗಂಟೆ ಮಾತ್ರ ನಾನು ಖಾಲಿ ಇರಲಿಲ್ಲ.