ಸಡಿಲಿಸದ ಸ್ಕ್ರೂ

ಇವತ್ತು ಸ್ಕ್ರೂ ಸಡಿಲಿಸುವುದಿಲ್ಲ ಎಂದು ಅವನು ತೀರ್ಮಾನಿಸಿದ ಹೊತ್ತಿಗೆ ಮುಖದ ಒಂದು ಬದಿಯ ಗಡ್ಡ ಮಾತ್ರ ಹೋಗಿತ್ತು. ಅಷ್ಟರಲ್ಲಿ ಬಚ್ಚಲಿನ ದೀಪ ಆರಿತು.

"ರೀ, ಬಿತ್ತು!" ಒಳಗಿನಿಂದ ಹೆಂಡತಿ ಕೂಗಿದಳು.

"ಏನು ಬಿತ್ತು?"

"ಇನ್ನೇನು ಬೀಳುತ್ತೆ ಈ ಮನೇಲಿ? ಎಂಸಿಬಿ. ಗೀಸರ್ ಹಾಕಿರೋದು ಮರೆತು ಇಸ್ತ್ರಿ ಪೆಟ್ಟಿಗೇನೂ ಹಾಕಿಬಿಟ್ಟೆ. ನಿಮ್ಮ ಅಂಗಿಗೇ ಕಣ್ರೀ."

"ಎತ್ತು."

"ಈಗಲೇ ಎತ್ತಿದ್ರೆ ನಿಲ್ಲಲ್ಲ, ಬಿಸಿ ಆರಬೇಕು. ನೀವೇ ಹೇಳಿದ್ದು."

ಹೇಳಿದ್ದು ಹೌದು. ಹೇಳುವುದೇ ಅವನ ಉದ್ಯೋಗ. ಅವನು ಕತ್ತಲಲ್ಲೇ ತಡವಿ ತಡವಿ ಉಳಿದ ಗಡ್ಡ ಕೆರೆದ. ಇಂಜಿನಿಯರಿಂಗ್ ಓದಿದ್ದ; ಕಾರ್ಡಿನ ಮೇಲೆ 'ತಾಂತ್ರಿಕ ಸಲಹೆಗಾರ' ಎಂದಿತ್ತು. ದೊಡ್ಡ ಹೆಸರಿನ ಕಂಪನಿಯೊಂದರ ಸ್ವಿಚ್ಚು, ಸಾಕೆಟ್ಟು, ಎಂಸಿಬಿಗಳನ್ನು ಚೀಲದಲ್ಲಿ ಹೊತ್ತು ಊರೂರು ಸುತ್ತಿ, ಎಲೆಕ್ಟ್ರಿಷಿಯನ್ನರನ್ನು ಕಲೆಹಾಕಿ, ಅಗ್ಗದ ಮಾಲು ಹಾಕಬೇಡಿ, ನಮ್ಮದು ಹಾಕಿ ಎಂದು ಪಾಠ ಹೇಳುವ ಕೆಲಸ. ಅವರು ಅವನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ಅವನು ಅಳೆಯಲು ಹೋಗಿರಲಿಲ್ಲ.

"ನಿಮ್ಮ ಕಂಪನೀದು ಒಂದು ತಂದು ಹಾಕಬಾರ್ದಾ? ಊರಿಗೆಲ್ಲ ಬುದ್ಧಿ ಹೇಳ್ತೀರಿ. ದೀಪದ ಬುಡದಲ್ಲೇ ಕತ್ತಲು ಅಂತ ನಿಮ್ಮನ್ನ ನೋಡಿಯೇ ಹೇಳಿರಬೇಕು."

"ತರ್ತೀನಿ."

"ನಿಮ್ಮದಾದ್ರೆ ಬೀಳಲ್ಲ, ಅಲ್ವಾ?"

ಅವನು ಮುಖ ತೊಳೆಯುತ್ತಿದ್ದೇನೆಂಬಂತೆ ನೀರಿನ ಸದ್ದು ಮಾಡಿದ. ತಂತಿ ಸುಡುವ ಮೊದಲು ತಾನು ಬಿದ್ದು ಕರೆಂಟು ಕಡಿಯಲಿ ಎಂದೇ ಎಂಸಿಬಿ ಇಡುವುದು. ಬೀಳದಿದ್ದರೆ ಅದು ಕೆಟ್ಟಿದೆ ಎಂದರ್ಥ. ಆದರೆ ಬೆಳಬೆಳಿಗ್ಗೆ ಹೆಂಡತಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಸುಕ್ಕುಸುಕ್ಕಾದ ಅಂಗಿ ತೊಟ್ಟು, ಚೀಲ ಹೆಗಲಿಗೇರಿಸಿ ಹೊರಟ.

ಸ್ಕ್ರೂ ಸಂಗತಿ ಇಷ್ಟು. ಪ್ರತಿ ಸಭೆಯಲ್ಲೂ ಮೇಜಿನ ಮೇಲೆ ಒಂದು ಹಲಗೆ, ಹಲಗೆಯ ಮೇಲೆ ಎರಡು ಎಂಸಿಬಿ. ಒಂದು ಕಂಪನಿಯದು, ಇನ್ನೊಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಸಿಗುವುದು. ಎರಡರ ಮೇಲೂ ಹೀಟರ್ ಸುರುಳಿಗಳ ಒಂದೇ ಭಾರ ಹೇರಬೇಕು. ಕಂಪನಿಯದು ಮರ್ಯಾದಸ್ಥನಂತೆ ಟಕ್ಕೆಂದು ಬೀಳುತ್ತದೆ. ಅಗ್ಗದ್ದು ಬೀಳುವ ಮೊದಲು ಹೊಗೆಯಾಡುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಹಿಂದಿನ ಸಾಲಿನವರ ಮೂಗಿಗೂ ಬಡಿಯುತ್ತದೆ. ಕಾರಣ, ಸಭೆಗೆ ಮೊದಲೇ ಅಗ್ಗದ್ದರಲ್ಲಿ ತಂತಿ ಹಿಡಿದಿರುವ ಸ್ಕ್ರೂವನ್ನು ಒಂದು ಸುತ್ತು ಸಡಿಲಿಸಿ ಇಟ್ಟಿರುತ್ತಾರೆ. ಸಡಿಲಾದಲ್ಲಿ ಕಿಡಿ, ಕಿಡಿಯಿಂದ ಬಿಸಿ, ಬಿಸಿಯಿಂದ ಹೊಗೆ. ಕಂಪನಿಯಲ್ಲಿ ಇದಕ್ಕೆ ಮೋಸ ಅನ್ನುವುದಿಲ್ಲ, ತಯಾರಿ ಅನ್ನುತ್ತಾರೆ. ಎಲ್ಲೂ ಬರೆದಿಟ್ಟದ್ದಲ್ಲ, ಹೊಸದಾಗಿ ಸೇರಿದವನಿಗೆ ಹಿಂದಿನವನು ಕೈಯಲ್ಲಿ ತೋರಿಸಿಕೊಟ್ಟು ಹೋಗುತ್ತಾನೆ.

ಅವನಿಗೆ ಬೇಕಿದ್ದದ್ದು ಘನಂದಾರಿ ಸತ್ಯವೇನಲ್ಲ. ತಾನು ವರ್ಷಗಟ್ಟಲೆ ಬಾಯಿ ನೋಯಿಸಿಕೊಂಡು ಹೇಳಿದ್ದರಲ್ಲಿ ಹುರುಳು ಇದೆಯೋ ಇಲ್ಲವೋ, ಸ್ಕ್ರೂ ಬಿಗಿಯಾಗಿಟ್ಟು ಒಮ್ಮೆ ನೋಡಬೇಕಿತ್ತು. ಮನೆಯಲ್ಲೇ ಪರೀಕ್ಷಿಸಿ ನೋಡಬಹುದಿತ್ತು. ಆದರೆ ಅದು ಬರೀ ಕುತೂಹಲವಾಗುತ್ತಿತ್ತು. ಇವತ್ತಿನ ಸಭೆಗೆ ಮ್ಯಾನೇಜರ್ ಸ್ವತಃ ಬರುವವರಿದ್ದರು. ಅವರೆದುರೇ ಪರೀಕ್ಷೆ ಮಾಡಿದರೆ ಕೆಲಸ ಹೋದೀತು. ಕೆಲಸ ಹೋಗುವಂತಿದ್ದರೆ ಮಾತ್ರ ಅದನ್ನು ತೀರ್ಮಾನ ಅನ್ನಬಹುದು ಎಂದುಕೊಂಡ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬಹಳ ದಿನಗಳ ಮೇಲೆ ತನ್ನ ಎದೆ ತನಗೆ ಕೇಳಿಸಿತೆಂದು ಅವನಿಗೆ ಖುಷಿಯಾಯಿತು.

ಬಾಡಿಗೆ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಗೋಡೆಗೆ ಕಂಪನಿಯ ಬ್ಯಾನರು. ಬಾಗಿಲ ಹತ್ತಿರ ಕೊಡುಗೆಯ ಚೀಲಗಳ ರಾಶಿ. ಪ್ರತಿ ಚೀಲದಲ್ಲಿ ಒಂದು ಟೆಸ್ಟರು, ಒಂದು ಟೊಪ್ಪಿಗೆ. ಬಂದ ಎಲೆಕ್ಟ್ರಿಷಿಯನ್ನರೆಲ್ಲ ಮೊದಲು ಚೀಲದ ಕಡೆ, ಆಮೇಲೆ ಊಟದ ಮೇಜಿನ ಕಡೆ, ಕೊನೆಗೆ ಅವನ ಕಡೆ ನೋಡಿ ಕೂತರು.

ಮ್ಯಾನೇಜರ್ ಒಳಗೆ ಬಂದವರೇ ಹಲಗೆಯ ಹತ್ತಿರ ಬಾಗಿದರು. "ತಯಾರಿ ಆಯ್ತಾ?"

"ಬಿಗಿ ಮಾಡಿದ್ದೀನಿ ಸಾರ್."

"ಹಾಂ?"

"ಆಯ್ತು ಸಾರ್."

ಮ್ಯಾನೇಜರ್ ಅವನ ಬೆನ್ನು ತಟ್ಟಿ ಮುಂದಿನ ಸಾಲಿನಲ್ಲಿ ಕೂತರು. ಹೇಳಬೇಕಾದದ್ದು ಹೇಳಿದ್ದೇನೆ, ಕೇಳದಿದ್ದರೆ ತನ್ನ ತಪ್ಪಲ್ಲ ಎಂದು ಅವನು ಸಮಾಧಾನಪಟ್ಟುಕೊಂಡ. ತಕ್ಷಣವೇ ಆ ಸಮಾಧಾನದ ಬಗ್ಗೆ ಹೇಸಿಗೆಯಾಯಿತು.

ಪಾಠ ಶುರುವಾದೊಡನೆ ನಡುವಿನ ಸಾಲಿನಿಂದ 'ಮೀಟರ್' ಎದ್ದ. ಊರಿನ ಅರ್ಧ ಕಟ್ಟಡಗಳ ವೈರಿಂಗ್ ಗುತ್ತಿಗೆ ಅವನದು. ಬಾಯಿ ನಿಲ್ಲದೆ ಓಡುತ್ತದೆಂದು ಆ ಹೆಸರು.

"ಮೇಷ್ಟ್ರೇ, ನೀವು ಒಳ್ಳೇ ಎಂಸಿಬಿ ಕೊಡ್ತೀರಿ, ನಾವು ಹಾಕ್ತೀವಿ. ಅದು ಪದೇ ಪದೇ ಬೀಳುತ್ತೆ. ಹಾಕಿಸ್ಕೊಂಡ ಅಂಗಡಿಯವನು ಬೀಳಬಾರದು ಅಂತ ಅದಕ್ಕೊಂದು ಕಡ್ಡಿ ಸಿಕ್ಕಿಸಿ ಇಡ್ತಾನೆ. ಆಗೇನು ಮಾಡ್ತೀರಿ?"

ಎಲ್ಲರೂ ನಕ್ಕರು. ಅವನು ಚೀಲದಿಂದ ಕಂಪನಿಯ ಇನ್ನೊಂದು ಎಂಸಿಬಿ ತೆಗೆದು, ಬಲ್ಬಿಗೂ ಸುರುಳಿಗೂ ಜೋಡಿಸಿ, ಮೀಟರನನ್ನು ಕರೆದ. "ಬನ್ನಿ, ಈ ಕಪ್ಪು ಹಿಡಿಯನ್ನ ಮೇಲೆತ್ತಿ ಗಟ್ಟಿಯಾಗಿ ಹಿಡಿದಿರಿ. ಏನಾದ್ರೂ ಬಿಡಬೇಡಿ."

ಮೀಟರ್ ಪೈಲ್ವಾನನಂತೆ ಹೆಬ್ಬೆರಳು ಒತ್ತಿ ನಿಂತ. ಭಾರ ಹೇರಿದ ಸ್ವಲ್ಪ ಹೊತ್ತಿಗೆ ಸಣ್ಣ ಸದ್ದಾಗಿ ಬಲ್ಬು ಆರಿತು. ಹಿಡಿ ಮೇಲೇ ಇತ್ತು.

"ಅರೆ! ನಾನು ಬಿಟ್ಟಿಲ್ಲ ಮೇಷ್ಟ್ರೇ!"

"ನೀವು ಬಿಡಬೇಕಾಗಿಲ್ಲ. ಬೀಳಬೇಕಾದ್ದು ಒಳಗೇ ಬೀಳುತ್ತೆ. ಹೊರಗೆ ಎಷ್ಟು ಎತ್ತಿ ಹಿಡಿದ್ರೂ ನಿಂತ ಹಾಗೆ ಕಾಣುತ್ತೆ, ಅಷ್ಟೆ."

"ನಮ್ಮ ಭಾವನ ಹಾಗೆ!" ಮೀಟರ್ ಸಭೆಗೆ ತಿರುಗಿದ. "ಕೂತಲ್ಲೇ ನಿದ್ದೆ. ಕಣ್ಣು ಮಾತ್ರ ಬಿಟ್ಟುಕೊಂಡಿರ್ತಾನೆ. ಅಕ್ಕ ಒಂದು ಗಂಟೆ ಬೈದ ಮೇಲೆ ಗೊತ್ತಾಗುತ್ತೆ, ಆಸಾಮಿ ಅಲ್ಲಿಲ್ಲ ಅಂತ."

ಸಭೆಯೆಲ್ಲ ನಗೆಯಿಂದ ತುಂಬಿತು. ಮ್ಯಾನೇಜರರೂ ನಕ್ಕರು. ಅವನು ಆ ಎಂಸಿಬಿ ಕಳಚಿ ಚೀಲಕ್ಕೆ ಹಾಕಿಕೊಂಡ.

ಈಗ ಹಲಗೆಯ ಸರದಿ. ಎರಡರ ಸ್ಕ್ರೂಗಳನ್ನೂ ಎಲ್ಲರಿಗೂ ಕಾಣುವಂತೆ ಇನ್ನೊಮ್ಮೆ ಬಿಗಿದ. ಮ್ಯಾನೇಜರರ ಹುಬ್ಬು ಮೇಲೇರಿದ್ದು ಕಣ್ಣಂಚಿಗೆ ಕಂಡಿತು. ಭಾರ ಹೇರಿದ. ಸುರುಳಿಗಳು ಕೆಂಪಾದವು. ಅವನು ಎರಡು ಹಿಡಿಗಳನ್ನೇ ದಿಟ್ಟಿಸಿದ. ದೇವರೇ, ನಮ್ಮದು ಮೊದಲು ಬೀಳಲಿ ಎಂದು ಮನಸ್ಸು ಬೇಡಿಕೊಂಡಿತು. ಹಾಗೆ ಬಿದ್ದರೆ ಇಷ್ಟು ವರ್ಷದ ಮಾತಿಗೆ ಮಾನ ಬರುತ್ತಿತ್ತು.

ಟಕ್. ಎರಡೂ ಒಟ್ಟಿಗೇ ಬಿದ್ದವು. ಒಂದೇ ಸದ್ದು. ಹೊಗೆಯಿಲ್ಲ, ವಾಸನೆಯಿಲ್ಲ.

"ನೋಡಿದ್ರಾ!" ಹಿಂದಿನ ಸಾಲಿನಿಂದ ಯಾರೋ ಕೂಗಿದ. "ಅಗ್ಗದ್ದು ತಡವಾಗಿ ಬಿತ್ತು!"

"ಹೌದೌದು, ಒಂಚೂರು ತಡ."

ಅವರು ನೋಡಬೇಕೆಂದು ಬಂದದ್ದನ್ನು ನೋಡಿದ್ದರು. ಸುಮ್ಮನಿದ್ದರೆ ಸಾಕಿತ್ತು. ಊಟದ ಹೊತ್ತೂ ಆಗಿತ್ತು. ಅವನು ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡ.

"ಇಲ್ಲ," ಎಂದ. ಮಾತು ನಿಂತಿತು. ಮತ್ತೆ ಶುರುಮಾಡಿದ. "ತಡವಾಗಲಿಲ್ಲ. ಎರಡೂ ಒಟ್ಟಿಗೇ ಬಿದ್ದವು. ನಾನು ಇಷ್ಟು ದಿನ ಹೇಳ್ತಿದ್ದ ವ್ಯತ್ಯಾಸ... ಈ ಪರೀಕ್ಷೆಯಲ್ಲಿ ನನಗೆ ಕಾಣಲಿಲ್ಲ." ಕೊನೆಯ ಮಾತಿಗೆ ಧ್ವನಿ ನಡುಗಿತು.

ಮ್ಯಾನೇಜರ್ ತಮ್ಮ ಬೂಟುಗಳನ್ನು ನೋಡಿಕೊಳ್ಳುತ್ತಿದ್ದರು. ಆಯಿತು, ಮುಗಿಯಿತು ಎಂದುಕೊಂಡ. ಮೈ ಹಗುರಾಯಿತು.

ಮೀಟರ್ ಚಪ್ಪಾಳೆ ತಟ್ಟಿದ.

"ಭೇಷ್ ಮೇಷ್ಟ್ರೇ! ಎಷ್ಟು ಕಂಪನಿಯವರು ಬಂದು ಹೋಗಿದ್ದಾರೆ ಇಲ್ಲಿಗೆ. ಎಲ್ಲರೂ ತಮ್ಮದೇ ಚಿನ್ನ, ಬೇರೆಯವರದು ತಗಡು ಅನ್ನೋರೇ. ನಮ್ಮದೂ ಅವರದೂ ಒಂದೇ ಅನ್ನೋ ಎದೆಗಾರಿಕೆ ಯಾರಿಗಿದೆ? ಇಷ್ಟು ನಿಯತ್ತಿನ ಮನುಷ್ಯರನ್ನ ಇಟ್ಕೊಂಡಿರೋ ಕಂಪನಿ ಮಾಲು ಕೆಟ್ಟದಿರುತ್ತಾ? ಕಾಸಿಗೆ ತಕ್ಕ ಕಜ್ಜಾಯ ಕಣ್ರಪ್ಪಾ! ನಾನಂತೂ ಇನ್ಮೇಲೆ ಇದನ್ನೇ ಹಾಕೋದು."

"ಅಲ್ಲ, ನಾನು ಹೇಳಿದ್ದು..." ಎಂದ ಅವನು. ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಕುರ್ಚಿಗಳು ಸರಿದವು. ಎಲ್ಲರೂ ಊಟಕ್ಕೆ ಎದ್ದರು.

ಮ್ಯಾನೇಜರ್ ಅವನ ಹೆಗಲ ಮೇಲೆ ಕೈ ಹಾಕಿ ಮೂಲೆಗೆ ಕರೆದೊಯ್ದರು. ಅವನೇ ಮೊದಲು ಮಾತಾಡಿದ.

"ನಾನು ಸ್ಕ್ರೂ ಸಡಿಲಿಸಿರಲಿಲ್ಲ ಸಾರ್. ಬೇಕಂತಲೇ."

"ಕಂಡೆ. ಒಂದು ಗಳಿಗೆ ನನ್ನ ಜೀವವೇ ಬಾಯಿಗೆ ಬಂದಿತ್ತು. ಏನ್ರೀ ತಲೆ ನಿಮ್ದು! ಹೊಗೆ ಎಬ್ಬಿಸಿದ್ರೂ ಇಷ್ಟು ಜನ ಬೀಳ್ತಿರಲಿಲ್ಲ."

"ನಾನು ನಿಜ ಹೇಳಿದೆ ಸಾರ್."

"ಅದೇ ಮತ್ತೆ! ನಾಳೆ ಪಕ್ಕದ ಊರಲ್ಲೂ ಅದನ್ನೇ ಹೇಳಿ. ಒಂದಕ್ಷರ ಬದಲಾಯಿಸಬೇಡಿ. ಮೇಜು ಹಿಡ್ಕೊಂಡ್ರಲ್ಲ, 'ಇಲ್ಲ' ಅಂದು ನಿಲ್ಲಿಸಿದ್ರಲ್ಲ, ಅದು ಹಾಗೇ ಇರಲಿ." ಮ್ಯಾನೇಜರ್ ಸ್ವಲ್ಪ ಯೋಚಿಸಿ ಸೇರಿಸಿದರು, "ಕೊನೇಲಿ ಧ್ವನಿ ನಡುಗಿಸಿದ್ದು ಬಹಳ ಚೆನ್ನಾಗಿತ್ತು. ಅದನ್ನ ಮಾತ್ರ ಮರೀಬೇಡಿ."

ಅವನ ದವಡೆಯ ಕೆಳಗೆ ಉಳಿದುಹೋದ ಗಡ್ಡದ ಪಟ್ಟಿಯನ್ನು ಇಷ್ಟು ಹತ್ತಿರ ನಿಂತ ಮ್ಯಾನೇಜರರೂ ಗಮನಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಾಳೆ ಹೋಗುವುದಿಲ್ಲ. ಇದು ಪಕ್ಕಾ. ಇಳಿದೊಡನೆ ಫೋನು ಮಾಡಿ ಹೇಳಿಬಿಡಬೇಕು. ಏನೆಂದು? 'ಇಲ್ಲ ಸಾರ್, ನಾನು ಬರುವುದಿಲ್ಲ.' ತುಟಿ ಅಲ್ಲಾಡಿಸಿ ಹೇಳಿ ನೋಡಿದ. 'ಇಲ್ಲ' ಎಂದ ಮೇಲೆ ಮಾತು ನಿಂತಿತು, ಮಧ್ಯಾಹ್ನ ನಿಂತಷ್ಟೇ ಹೊತ್ತು. ಕೊನೆಯಲ್ಲಿ ಧ್ವನಿ ನಡುಗಿತು. ಅವನಿಗೆ ಗಾಬರಿಯಾಯಿತು. ನಡುಗಿಸದೆ ಹೇಳಲು ಹೋದ. ಅಭ್ಯಾಸ ಮಾಡಿದಂತೆ ಕೇಳಿಸಿತು. ನಡುಗಿಸಿ ಹೇಳಿದರೂ ಅಭ್ಯಾಸದಂತೆಯೇ ಕೇಳಿಸಿತು. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಳು. ಬಸ್ಸಿಳಿದ ಮೇಲೆ ಫೋನು ಜೇಬಿನಲ್ಲೇ ಉಳಿಯಿತು.

ಮನೆ ಸೇರಿದಾಗ ಸಂಜೆಗತ್ತಲಾಗಿತ್ತು. ಬಾಗಿಲು ತೆರೆದವಳೇ ಹೆಂಡತಿ ಅವನ ಗದ್ದ ಹಿಡಿದು ದೀಪದ ಕಡೆ ತಿರುಗಿಸಿದಳು.

"ಅಯ್ಯೋ, ಇದೇನ್ರೀ ಅವತಾರ! ಇಷ್ಟಗಲ ಗಡ್ಡ ಬಿಟ್ಟಿದ್ದೀರಿ. ಇಡೀ ದಿನ ಒಬ್ರೂ ಹೇಳಲಿಲ್ವಾ?"

"ಯಾರೂ ನೋಡಲಿಲ್ಲ."

"ಸಭೆ ಹೇಗಾಯ್ತು?"

"ಚಪ್ಪಾಳೆ ಹೊಡೆದ್ರು. ನಾಳೇನೂ ಸಭೆ ಇದೆ."

ಎರಡನೆಯ ವಾಕ್ಯ ಅವನು ಹೇಳಬೇಕೆಂದುಕೊಂಡದ್ದಲ್ಲ.

"ಹಾಗಾದ್ರೆ ನೀಲಿ ಅಂಗಿ ಇಸ್ತ್ರಿ ಮಾಡಿಡ್ತೀನಿ. ತಂದ್ರಾ?"

ತಂದಿದ್ದ. ಮೇನ್ ಸ್ವಿಚ್ಚು ಇಳಿಸಿ, ಟಾರ್ಚು ಹಿಡಿಯಲು ಅವಳನ್ನು ನಿಲ್ಲಿಸಿಕೊಂಡು, ಗೋಡೆಯ ಪೆಟ್ಟಿಗೆಯಿಂದ ಹಳೆಯ ಎಂಸಿಬಿ ತೆಗೆದು, ಸಭೆಯಲ್ಲಿ ಮೀಟರ್ ಒತ್ತಿ ಹಿಡಿದಿದ್ದ ಎಂಸಿಬಿಯನ್ನು ಕೂರಿಸಿದ. ಇಡೀ ಮನೆಗೆ ಅದೊಂದೇ. ಸ್ಕ್ರೂಗಳನ್ನು ಬೆರಳು ನೋಯುವಷ್ಟು ಬಿಗಿದ. ದೀಪ ಬಂತು. ಅವಳು ಮಕ್ಕಳಂತೆ ಓಡಿಹೋಗಿ ಗೀಸರೂ ಹಾಕಿದಳು, ಇಸ್ತ್ರಿ ಪೆಟ್ಟಿಗೆಯೂ ಹಾಕಿದಳು. ನೀಲಿ ಅಂಗಿ ಮುಕ್ಕಾಲು ಮುಗಿಯುವವರೆಗೂ ದೀಪ ಉರಿಯುತ್ತಲೇ ಇತ್ತು.

"ನೋಡ್ರೀ, ಬೀಳಲೇ ಇಲ್ಲ! ಒಳ್ಳೇದು ಒಳ್ಳೇದೇ."

ಬಿತ್ತು.

"ಇದೂನಾ!" ಕತ್ತಲೆಯಿಂದ ಅವಳ ಧ್ವನಿ ಬಂತು. ಅದರಲ್ಲಿ ನಿಜವಾದ ದುಃಖವಿತ್ತು. "ಇನ್ನು ಒಂದು ತೋಳು ಮಾತ್ರ ಉಳಿದಿತ್ತು. ನೀವು ಒಂಚೂರು ಎತ್ತಿ ಹಿಡ್ಕೊಳ್ರೀ."

"ಹಿಡಿದ್ರೆ ಏನೂ ಆಗಲ್ಲ. ಗೀಸರ್ ಆರಿಸು."

"ನೀರು ಇನ್ನೂ ಕಾದಿಲ್ಲ. ಒಂದು ನಿಮಿಷ ಹಿಡಿಯೋಕೆ ಏನಂತೆ? ಪಕ್ಕದ ಮನೆಯವರೆಲ್ಲ ಹಿಡೀತಾರೆ."

ಅವನು ಬಿಸಿ ಆರುವವರೆಗೆ ಕಾದು ಎತ್ತಿದ. ದೀಪ ಬಂತು. ಹೆಬ್ಬೆರಳನ್ನು ಕಪ್ಪು ಹಿಡಿಯ ಕೆಳಗೆ ಒತ್ತಿ ಗೋಡೆಗೆ ಮುಖ ಮಾಡಿ ನಿಂತ. ಹಿಂದೆ ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಸರಿಯುವ ಸದ್ದು. ಈಗ ಹೇಳಬಹುದು, ಅವಳು ಮುಖ ನೋಡುವುದಿಲ್ಲ.

"ನಾಳೆ ನಾನು ಹೋಗಲ್ಲ," ಎಂದ. ಧ್ವನಿ ನಡುಗಿತು, ಚೆನ್ನಾಗಿ ನಡುಗಿತು.

"ಏನಂದ್ರಿ?"

"ಏನಿಲ್ಲ."

"ಬಿಡಬೇಡಿ ಮತ್ತೆ."

"ಬಿಡಲ್ಲ."

ಹೆಬ್ಬೆರಳಿನ ಕೆಳಗೆ, ಒಳಗೆಲ್ಲೋ, ಏನೋ ಒಂದು ಸಣ್ಣಗೆ ಕಳಚಿಕೊಂಡಿತು. ಮನೆ ಕತ್ತಲಾಯಿತು.

"ರೀ, ಕೈ ಬಿಟ್ರಾ?"

"ಇಲ್ಲ."

"ಮತ್ತೆ ಕತ್ತಲೆ ಯಾಕಾಯ್ತು?"

ಅವನು ಇನ್ನೊಂದು ಕೈಯನ್ನೂ ಸೇರಿಸಿ, ಹಲ್ಲು ಕಚ್ಚಿ, ಬಲವಾಗಿ ಒತ್ತಿ ಹಿಡಿದ. ಹಿಡಿ ಮೇಲೇ ಇತ್ತು.